ರಾಗಿ ಹೆಚ್ಚಾಗಿದೆ

ಹೊಂಗೆಕೊಪ್ಪಲು ನೆರೆಯಿಂದ ಲಾಭ ಮಾಡಿಕೊಂಡಿದೆ ಎಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹೇಳಿತು. ಬೇರೆ ಊರುಗಳ ಹೆಸರಿನ ಮುಂದೆಲ್ಲ ಕೆಂಪು ಬಂದಿದ್ದರೆ ಅದೊಂದರ ಮುಂದೆ ಹಸಿರು ಬಂದಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ. ಹಸಿರೇ.

ಹೊಂಗೆಕೊಪ್ಪಲು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರ ದಾಟಿದ ಮೇಲೆ ಸಿಗುವ ಸಣ್ಣ ಊರು. ಚಿತ್ತೆ ಮಳೆಯಲ್ಲಿ ಅಲ್ಲಿಯ ಕೆರೆ ಏರಿ ಒಡೆದು, ಕೆಳಗಿನ ಬೀದಿಯ ಮನೆಗಳಿಗೆ ನೀರು ಹಿತ್ತಿಲ ಬಾಗಿಲಿನಿಂದ ನುಗ್ಗಿ ಮುಂಬಾಗಿಲಿನಿಂದ ಹೊರಗೆ ಹೋಗಿತ್ತು. ಒಡೆದ ಜಾಗವನ್ನು ಯಾರೂ ಮುಚ್ಚಿರಲಿಲ್ಲ. ಅಂಥ ಊರಿಗೆ ಲಾಭ.

ನೆರೆ, ಬಿರುಗಾಳಿ, ಆಲಿಕಲ್ಲು ಬಂದು ಹೋದ ಮೇಲೆ ಜನರಿಗೆ ಆದ ನಷ್ಟಕ್ಕೆ ಬೆಲೆ ಕಟ್ಟಿಕೊಡುವುದು ನಮ್ಮ ಸಂಸ್ಥೆಯ ಕೆಲಸ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ಗುತ್ತಿಗೆಯ ಮೇಲೆ ಅಲ್ಲಿ ಸೇರಿಕೊಂಡಿದ್ದೆ. ಶ್ರೀರಂಗಪಟ್ಟಣದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ಸುತ್ತಿನ ತಾಲ್ಲೂಕುಗಳ ಹಳ್ಳಿಗಳಿಗೆ ನಮ್ಮ ಹುಡುಗರು ಟ್ಯಾಬ್ ಹಿಡಿದು ಹೋಗಿ, ಮನೆ ಮನೆಯಲ್ಲಿ ಕೇಳಿ, ಉತ್ತರ ಒತ್ತಿಕೊಂಡು ಬರುತ್ತಿದ್ದರು. ಅದನ್ನೆಲ್ಲ ಕೂಡಿಸಿ ಊರುಗಳಿಗೆ ಸ್ಥಾನ ಕೊಡುವುದು ನನ್ನ ಪಾಲು. ನಷ್ಟ ಹೆಚ್ಚಾದ ಊರು ಮೇಲೆ, ಕಡಿಮೆಯಾದದ್ದು ಕೆಳಗೆ. ಮೇಲಿದ್ದವರ ಕೆರೆ ಏರಿ ಮುಂಗಾರಿಗೆ ಮೊದಲೇ ದುರಸ್ತಿಯಾಗುತ್ತದೆ. ಕೆಳಗಿದ್ದವರದು ಮುಂದಿನ ವರ್ಷವೋ, ಅದರ ಮುಂದಿನ ವರ್ಷವೋ. ಲಾಭ ಮಾಡಿಕೊಂಡ ಹೊಂಗೆಕೊಪ್ಪಲು ಎಲ್ಲರಿಗಿಂತ ಕೆಳಗೆ, ಪುಟದ ತಳದಲ್ಲಿತ್ತು.

ಈ ಕೆಲಸದ ಮೇಲೆ ನನಗೆ ಮೊದಲಿನಿಂದಲೂ ಒಂದು ಸಿಟ್ಟು. ಜನ ಮಾತಾಡುತ್ತ ನಡುವೆ ನಿಲ್ಲಿಸುತ್ತಾರಲ್ಲ, ಆ ಜಾಗ ನನಗೆ ಇಷ್ಟ. ಹೇಳಬೇಕಾದದ್ದು ಬಹಳ ಸಲ ಅಲ್ಲೇ ಇರುತ್ತದೆ. ನಮ್ಮ ಟ್ಯಾಬ್‌ಗೆ ಅದು ಆಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ‘ದಯವಿಟ್ಟು ಉತ್ತರಿಸಿ’ ಎಂದು ಕುಂಯ್‌ಗುಡುತ್ತದೆ. ಅದರ ಪ್ರಶ್ನೆಗಳೋ! ‘ನೆರೆಯಿಂದ ನಿಮ್ಮ ಮನಶ್ಶಾಂತಿಗೆ ಆದ ಹಾನಿಯನ್ನು ಒಂದರಿಂದ ಐದರವರೆಗೆ ಸೂಚಿಸಿ’ ಎಂದು ಒಂದಿದೆ. ಅದನ್ನು ಓದಿ ಹೇಳುವಾಗ ನಮ್ಮ ಹುಡುಗರು ನೆಲ ನೋಡುತ್ತಾರೆ.

ಹೊಂಗೆಕೊಪ್ಪಲಿನ ಉತ್ತರಗಳನ್ನು ತೆರೆದು ಒಂದೊಂದೇ ಮನೆ ನೋಡಿದೆ. ಗೋಡೆ ಕುಸಿದದ್ದು, ಕೊಟ್ಟಿಗೆ ಹೋದದ್ದು ಸರಿಯಾಗಿಯೇ ಬಂದಿತ್ತು. ಆಹಾರ ದಾಸ್ತಾನಿನ ಪ್ರಶ್ನೆಗೆ ಮೂರು ಉತ್ತರಗಳಲ್ಲಿ ಒಂದನ್ನು ಒತ್ತಬೇಕು: ಕಡಿಮೆಯಾಗಿದೆ, ವ್ಯತ್ಯಾಸವಿಲ್ಲ, ಹೆಚ್ಚಾಗಿದೆ. ರಾಗಿ, ಹೆಚ್ಚಾಗಿದೆ. ಅಕ್ಕಿ, ಹೆಚ್ಚಾಗಿದೆ. ಉಪ್ಪು, ಎಣ್ಣೆ, ಹೆಚ್ಚಾಗಿದೆ. ಸಮೀಕ್ಷೆ ನಡೆದದ್ದು ನೀರು ನುಗ್ಗಿದ ಕೆಳಗಿನ ಬೀದಿಯಲ್ಲಿ ಮಾತ್ರ, ಅಲ್ಲಿಯ ಎಲ್ಲ ಮನೆಗಳಲ್ಲೂ ಎಲ್ಲವೂ ಹೆಚ್ಚಾಗಿತ್ತು. ಕಂಪ್ಯೂಟರ್ ಆ ಹೆಚ್ಚಿಗೆಲ್ಲ ಬೆಲೆ ಕಟ್ಟಿ, ಬಿದ್ದ ಗೋಡೆಗಳ ನಷ್ಟವನ್ನು ಅದರಲ್ಲಿ ಕಳೆದು, ಹಸಿರು ಬಣ್ಣ ಬಳಿದಿತ್ತು.

ತಲೆ ಚಚ್ಚಿಕೊಳ್ಳುವಂತಾಯಿತು. ನಮ್ಮಪ್ಪ ಮೌನೇಶಾಚಾರಿಗೆ ಬಾಬುರಾಯನಕೊಪ್ಪಲಿನಲ್ಲಿ ಚಿನ್ನಬೆಳ್ಳಿ ಕೆಲಸದ ಸಣ್ಣ ಅಂಗಡಿ ಇದೆ. ಚಿಕ್ಕಂದಿನಿಂದ ನಾನು ಆ ಅಂಗಡಿಯ ಮೂಲೆಯಲ್ಲಿ ಕೂತು ಓದಿದವಳು. ಹೆಂಗಸರು ಸೆರಗಿನ ಗಂಟು ಬಿಚ್ಚುತ್ತ, ತಾಳಿ ಹೆಚ್ಚಾಗಿದೆ ಎನ್ನುತ್ತಾರೆ. ತಾಳಿ ಬೆಳೆದಿದೆ ಎಂದಲ್ಲ, ತುಂಡಾಗಿದೆ ಎಂದು. ಹೇಗೆ ತುಂಡಾಯಿತೆಂದು ಅಪ್ಪ ಕೇಳುವುದಿಲ್ಲ, ಕೈ ಚಾಚುತ್ತಾನೆ. ಒಡೆದ ಬಳೆಯೂ ಹೆಚ್ಚಾಗುತ್ತದೆ. ಮನೆಯಲ್ಲಿ ಅಕ್ಕಿ ಮುಗಿದರೂ ಅಷ್ಟೇ. ದೀಪ ಹಚ್ಚುವ ಮನೆಯಲ್ಲಿ ‘ಇಲ್ಲ’ ಅನ್ನಬಾರದು, ‘ಮುಗಿಯಿತು’ ಅನ್ನಬಾರದು. ನಮ್ಮ ಕಡೆ ಅಂಗಡಿಗೆ ಹೋಗಿ ಉಪ್ಪು ಹೆಚ್ಚಾಗಿದೆ ಎಂದರೆ ಅಂಗಡಿಯವನು ಮಾತಾಡದೆ ಉಪ್ಪು ಕಟ್ಟಿಕೊಡುತ್ತಾನೆ.

ಹೊಂಗೆಕೊಪ್ಪಲಿನ ಸಮೀಕ್ಷೆ ನಡೆದದ್ದು ಕಾರ್ತಿಕದಲ್ಲಿ. ಹೊಸ್ತಿಲ ಮೇಲೆ ದೀಪ ಇಡುವ ಹೊತ್ತಿನಲ್ಲಿ ಹೋಗಿ, ಮನೆಯಲ್ಲಿ ರಾಗಿ ಎಷ್ಟು ಉಳಿದಿದೆ ಎಂದು ಕೇಳಿದರೆ ಇನ್ನೇನು ಉತ್ತರ ಬರುತ್ತದೆ?

ನಮ್ಮ ಕಚೇರಿಯ ಮುಖ್ಯಸ್ಥರು ಸಂತೋಷ್ ಸರ್. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಯಾರ ಮೇಲೂ ದನಿ ಎತ್ತದವರು. ಕೈಕಟ್ಟಿ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಅವರಿಗೆ ಇದು ಬಹಳ ಆಸಕ್ತಿಯ ವಿಷಯ ಅನಿಸಿತಂತೆ. ಅನಿಸಿದ ಮೇಲೂ ಅವರು ಒಂದು ಅಕ್ಷರ ತಿದ್ದಲಿಲ್ಲ. ನೆರೆ ಬಂದ ಮೇಲೆ ಯಾರೋ ಅಕ್ಕಿ ಹಂಚಿರುತ್ತಾರೆ, ಅದರಿಂದ ನಿಜವಾಗಿಯೂ ಹೆಚ್ಚಾಗಿರಬಹುದಲ್ಲ ಎಂದರು.

“ಒಡೆದ ಏರಿಯ ಫೋಟೋ ಇದೆಯಲ್ಲ ಸರ್,” ಎಂದೆ.

“ಕೆರೆ ಬೇರೆ ವಿಭಾಗ, ಭೂಮಿಕ. ನಮ್ಮದು ಮನೆ. ಆ ಪದಕ್ಕೆ ಆ ಅರ್ಥ ಇದೆ ಅನ್ನೋದು ನಿಮ್ಮ ಅಭಿಪ್ರಾಯ. ಅಭಿಪ್ರಾಯ ಹಾಕೋಕೆ ನಮ್ಮಲ್ಲಿ ಕಾಲಂ ಇಲ್ಲ.”

ಆಮೇಲೆ ನಿಯಮ ಹೇಳಿದರು. ಅಡುಗೆಮನೆಯ ಪ್ರಶ್ನೆಗೆ ಆ ಮನೆಯ ಹೆಂಗಸೇ ಉತ್ತರ ಕೊಡಬೇಕು, ಗಂಡಸರು ಬಾಯಿ ಹಾಕುವಂತಿಲ್ಲ. ಉತ್ತರ ತಿದ್ದಬೇಕಾದರೆ ಅದೇ ಹೆಂಗಸು ತನ್ನ ದನಿಯಲ್ಲಿ, ಟ್ಯಾಬ್‌ನ ಮುಂದೆ, ಬೇರೆ ಉತ್ತರ ಹೇಳಬೇಕು. ಒಬ್ಬರಾದರೂ ‘ಇಲ್ಲ’ ಅಥವಾ ‘ಕಡಿಮೆ’ ಎಂದು ಸ್ಪಷ್ಟವಾಗಿ ಹೇಳಿದ ರೆಕಾರ್ಡ್ ತಂದರೆ ಇಡೀ ಊರನ್ನು ಮತ್ತೆ ಎಣಿಸಲು ತಮಗೊಂದು ಆಧಾರ ಸಿಗುತ್ತದೆ. ವರದಿ ಶುಕ್ರವಾರ ಹೋಗುತ್ತದೆ.

ಹೆಂಗಸರ ಮಾತಿಗೆ ಬೆಲೆ ಸಿಗಲಿ ಎಂದು ಯಾರೋ ಒಳ್ಳೆಯ ಮನಸ್ಸಿನವರು ಮಾಡಿದ ನಿಯಮ ಅದು. ಅದಕ್ಕೇ ಅದರ ಮೇಲೆ ಸಿಟ್ಟು ಮಾಡುವುದು ಕೂಡ ಕಷ್ಟವಾಯಿತು.

ಆ ಊರಿನ ಉತ್ತರಗಳನ್ನು ಒತ್ತಿದವನು ದಿಲೀಪ. ಪಾಂಡವಪುರದ ಹುಡುಗ. ಮನೆಯಲ್ಲಿ ಗದ್ದೆ ಇದೆ, ಹಸು ಇವೆ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಆಮೇಲೆ ನಮ್ಮ ಕೆಲಸಕ್ಕೆ ಹೊರಡುತ್ತಾನೆ. ಮರುದಿನ ನಾನು ಪಾಂಡವಪುರದ ಬಸ್ ನಿಲ್ದಾಣದಲ್ಲಿ ಇಳಿದಾಗ ಬೈಕಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಹತ್ತುವ ಮೊದಲೇ ಕೇಳಿದೆ.

“ನಿಮ್ಮನೇಲಿ ಅಕ್ಕಿ ಮುಗಿದ್ರೆ ನಿಮ್ಮಮ್ಮ ಏನಂತಾರೆ?”

“ಎಚ್ಚಾಗೈತೆ ಅಂತದೆ.”

“ಆಗ ನೀವೇನ್ ಮಾಡ್ತೀರ?”

“ಅಂಗ್ಡಿಗೋಗಿ ಅಕ್ಕಿ ತತ್ತೀನಿ.”

“ಮತ್ತೆ ಹೊಂಗೆಕೊಪ್ಪಲಲ್ಲಿ ಯಾಕೆ ಹಾಗೆ ಒತ್ತಿದ್ರಿ?”

ದಿಲೀಪ ಸಿಪ್ಪೆ ಉದುರಿಸಿಕೊಂಡ. “ಅಲ್ಲಿ ಟ್ಯಾಬ್ ಇತ್ತಲ್ಲ ಮೇಡಂ. ಟ್ರೈನಿಂಗಲ್ಲಿ ಏನಂದ್ರು? ಜನ ಏನಂತಾರೋ ಅದನ್ನೇ ಒತ್ತು, ನಿನ್ ತಲೆ ಓಡುಸ್ಬ್ಯಾಡ ಅಂದ್ರು. ನಾನು ಓಡುಸ್ನಿಲ್ಲ.”

ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರಾಕ್ಟರುಗಳು ಅಡ್ಡ ಸಿಕ್ಕವು, ಆಲೆಮನೆಯ ಹೊಗೆ ಕಣ್ಣಿಗೆ ಬಂತು. ದಿಲೀಪ ಪ್ರತಿ ಟ್ರಾಕ್ಟರಿನ ಹಿಂದೆಯೂ ನಿಧಾನವಾಗಿ ಹೋಗುತ್ತ, ತನ್ನ ತಪ್ಪಿಲ್ಲ ಎನ್ನುವುದನ್ನು ಹೊಸ ಹೊಸ ರೀತಿಯಲ್ಲಿ ವಿವರಿಸಿದ. ಒಮ್ಮೆ, ತಾನು ‘ಕಡಿಮೆ’ ಅಂತ ಒತ್ತಿದ್ದರೆ ಆ ಹೆಂಗಸರಿಗೆ ಕೇಡು ಬಯಸಿದಂತಾಗುತ್ತಿತ್ತು ಎಂದ. ಇನ್ನೊಮ್ಮೆ, ಯಾವ ಉತ್ತರವನ್ನಾದರೂ ಒತ್ತದೆ ಬಿಟ್ಟರೆ ಮುಂದಿನ ಪ್ರಶ್ನೆಯೇ ಬರುವುದಿಲ್ಲ ಎಂದ. ನಾಗಮಂಗಲದ ಕಡೆಗೆ ತಿರುಗುವ ಹೊತ್ತಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೆ.

ಹೊಂಗೆಕೊಪ್ಪಲು ತಲುಪಿದಾಗ ಮಧ್ಯಾಹ್ನ. ಏರಿ ದೂರದಿಂದಲೇ ಕಾಣುತ್ತದೆ, ಅದರ ನಡುವೆ ಬಿದ್ದ ಕಂಡಿಯೂ ಕಾಣುತ್ತದೆ. ಒಂದು ಲಾರಿ ಸಲೀಸಾಗಿ ನುಗ್ಗುವಷ್ಟು ಅಗಲ. ಆಚೆ ಕೆರೆಯಂಗಳ ಒಣಗಿ ಬಿರಿದಿದೆ, ಕಂಡಿಯ ಬಾಯಲ್ಲಿ ಮಾತ್ರ ಇನ್ನೂ ಕೆಸರು. ಕಂಡಿಯ ನೇರಕ್ಕೆ ಕೆಳಗೆ ಮೊದಲ ಮನೆ ಕೆಂಪಣ್ಣ ಮತ್ತು ಚಲುವಮ್ಮನವರದು. ಮೂರು ತಲೆಮಾರಿನಿಂದ ಅಲ್ಲೇ ಇರುವ ಒಕ್ಕಲು ಮನೆತನ. ಗೋಡೆಯ ಮೇಲೆ ನೀರು ನಿಂತಿದ್ದ ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ಕೆಳಗೆ ಸುಣ್ಣವೆಲ್ಲ ಉದುರಿತ್ತು, ಮೇಲೆ ಹಾಗೇ ಇತ್ತು.

ಕೆಂಪಣ್ಣ ಕೊಟ್ಟಿಗೆಯ ಬಿದ್ದ ಗೋಡೆಗೆ ಇಟ್ಟಿಗೆ ಜೋಡಿಸುತ್ತಿದ್ದರು. ದಿಲೀಪನನ್ನು ನೋಡಿ ಗುರುತು ಹಿಡಿದರು. ನಾವು ಬಂದ ಕಾರಣ ಹೇಳಿದಾಗ, ತಮ್ಮ ಊರಿಗೆ ನೆರೆಯಿಂದ ಲಾಭವಾಗಿದೆ ಎಂದು ಬಂದಿರುವುದನ್ನು ಹೇಳಿದಾಗ, ಕರಣೆ ಕೆಳಗಿಟ್ಟು ಕೆಮ್ಮು ಬರುವ ತನಕ ನಕ್ಕರು.

“ಅಂಗಾರೆ ವರ್ಸಾ ವರ್ಸಾ ಒಡೀಲಿ ಬುಡ್ಲಾ. ಸಾವ್ಕಾರ್ರಾಗೋಗ್ತೀವಿ.”

ನಗು ನಿಂತ ಮೇಲೆ ಅವರ ಮುಖ ಬೇರೆಯಾಯಿತು. ಏರಿಯ ಕಡೆಗೆ ಕೈ ತೋರಿಸಿ, ಆ ಕಂಡಿ ಹಾಗೇ ಇದ್ದರೆ ಮುಂಗಾರಿನ ಮೊದಲ ದೊಡ್ಡ ಮಳೆಗೆ ನೀರು ನೆಟ್ಟಗೆ ಈ ಹಟ್ಟಿಗೇ ಬರುತ್ತದೆ ಎಂದರು. ಈಗ ನೆನೆದು ನಿಂತಿರುವ ಗೋಡೆ ಇನ್ನೊಂದು ಸಲ ತಡೆಯುವುದಿಲ್ಲ. ಸೊಸೆ ಬಸುರಿ. ಮುಂಗಾರಿನ ಹೊತ್ತಿಗೆ ಮನೆಯಲ್ಲಿ ಮಗು ಇರುತ್ತದೆ. ಹಾಗಂದು ದಿಲೀಪನ ಟ್ಯಾಬ್‌ಗೆ ಬಾಯಿ ಹತ್ತಿರ ತಂದು ಹೇಳಿದರು:

“ಬರ್ಕೊ. ರಾಗಿ ಒಂದು ಕಾಳೂ ಇಲ್ಲ. ಕೊಳ್ತೋಗಿತ್ತು, ತಿಪ್ಪೆಗಾಕುದ್ವಿ. ಕೆಂಪಣ್ಣ ಅಂದ ಅಂತ ಬರ್ಕೊ.”

ಗಂಡಸರು ಹೇಳಿದ್ದನ್ನು ಅದು ತೆಗೆದುಕೊಳ್ಳುವುದಿಲ್ಲ ಎಂದು ದಿಲೀಪ ಹೇಳಿದ. ಕೆಂಪಣ್ಣ ಟ್ಯಾಬನ್ನು ಒಮ್ಮೆ, ದಿಲೀಪನನ್ನು ಒಮ್ಮೆ ನೋಡಿದರು. “ನಾನು ಗಂಡ್ಸು ಅಂತ ಅದ್ಕೆಂಗ್ ಗೊತ್ತಾಯ್ತದ್ಲಾ? ಮೀಸೆ ಮುಟ್ನೋಡ್ತದಾ?”

ಚಲುವಮ್ಮ ಹಿತ್ತಿಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಎತ್ತರದ, ನಿಧಾನದ ಹೆಂಗಸು. ಒಳಗೆ ಕರೆದು ಚಾಪೆ ಹಾಕಿದರು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ದಿವ್ಯ ಕಾಲು ಚಾಚಿಕೊಂಡು ಕೂತಿದ್ದಳು. ಮೂಲೆಯಲ್ಲಿ ಧಾನ್ಯ ತುಂಬುವ ಮಣ್ಣಿನ ವಾಡೆ ಇತ್ತು, ಆಳೆತ್ತರದ್ದು. ಅದರ ಬುಡ ನೀರಿಗೆ ಕರಗಿ ಒಂದು ಕಡೆ ವಾಲಿತ್ತು. ನೀರಿನ ಗೆರೆಯ ಮೇಲೆ, ಗೋಡೆಯ ಗೂಡಿನಲ್ಲಿ, ಹಿತ್ತಾಳೆಯ ದೀಪ.

ನಾನು ಎಲ್ಲವನ್ನೂ ಹೇಳಿದೆ. ಸಂತೋಷ್ ಸರ್‌ಗೆ ಅರ್ಥ ಮಾಡಿಸಲು ಬೆಳಗಿನಿಂದ ಮಧ್ಯಾಹ್ನದವರೆಗೆ ಒದ್ದಾಡಿದ್ದ ವಿಷಯ ಚಲುವಮ್ಮನಿಗೆ ಅರ್ಧ ಮಾತಿನಲ್ಲೇ ತಿಳಿಯಿತು. ಅವರೂ ನಕ್ಕರು. ಏರಿ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ ಎಂದರು. ಸಮಾಧಾನವಾಯಿತು. ಟ್ಯಾಬ್ ಹಿಡಿದು, ಪ್ರಶ್ನೆ ಓದಿದೆ. ನೆರೆಯ ನಂತರ ನಿಮ್ಮ ಮನೆಯಲ್ಲಿ ರಾಗಿಯ ದಾಸ್ತಾನು?

“ಎಚ್ಚಾಗೈತೆ ಕಣವ್ವ,” ಎಂದರು ಚಲುವಮ್ಮ.

ಹೊರಗೆ ಕೆಂಪಣ್ಣ ಹಣೆ ಚಚ್ಚಿಕೊಂಡ ಸದ್ದು ಕೇಳಿತು.

ಹಾಗಲ್ಲಮ್ಮ ಎಂದು ಮತ್ತೆ ಮೊದಲಿನಿಂದ ಹೇಳಿದೆ. ‘ಇಲ್ಲ’ ಅನ್ನುವುದು ಬೇಡ, ‘ಕಡಿಮೆಯಾಗಿದೆ’ ಎಂದರೂ ಸಾಕು. ಅವರು ತಲೆಯಾಡಿಸಿದರು. ಬೇಡ ಎನ್ನುವ ತಲೆಯಾಟ. ಹೊರಗೆ ಬನ್ನಿ, ದೀಪದ ಮುಂದೆ ಬೇಡ, ಏರಿಯ ಮೇಲೆ ನಿಂತು ಹೇಳಿ ಎಂದೆ. ಮನೆಯ ಮಾತು ಏರಿಯ ಮೇಲೆ ಆಡಿದರೂ ಮನೆಯದೇ ಅಲ್ಲವೇ ಎಂದು ಕೇಳಿದರು. ದಿಲೀಪ ತಾನು ಕಿವಿ ಮುಚ್ಚಿಕೊಳ್ಳುತ್ತೇನೆ ಎಂದ. ಕೆಂಪಣ್ಣ ಬಾಗಿಲಲ್ಲಿ ನಿಂತು, ಒಂದು ಮಾತು, ಒಂದೇ ಮಾತು, ಮೂವತ್ತು ವರ್ಷದಿಂದ ದಿನಾ ನನ್ನನ್ನು ಬಯ್ಯೋಕೆ ಸಾವಿರ ಮಾತು ಬರುತ್ತದಲ್ಲ ಎಂದು ರೇಗಿದರು. ಚಲುವಮ್ಮ ಗಂಡನ ಕಡೆ ತಿರುಗಲಿಲ್ಲ.

ನನಗೂ ರೇಗಿತ್ತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಯಾರ ಮೇಲೆ ರೇಗಿದೆ ಎನ್ನುವುದೇ ಬಗೆಹರಿಯುತ್ತಿರಲಿಲ್ಲ. ಮೂರು ಉತ್ತರ ಮಾತ್ರ ಇಟ್ಟವರ ಮೇಲೆ, ಅದನ್ನು ಒತ್ತಿ ಬಂದವನ ಮೇಲೆ, ಶುಕ್ರವಾರದ ಮೇಲೆ, ಈಗ ಈ ಹೆಂಗಸಿನ ಮೇಲೆ. ಗೋಡೆ ಬಿದ್ದು ಹೋಗುವುದಕ್ಕಿಂತ ಒಂದು ಮಾತು ದೊಡ್ಡದೇ?

ಅದನ್ನೇ ಕೇಳಿಬಿಟ್ಟೆ. ಸ್ವಲ್ಪ ಜೋರಾಗಿಯೇ ಕೇಳಿದೆ.

ಚಲುವಮ್ಮ ಸೊಸೆಯ ಕಡೆ ಒಮ್ಮೆ ನೋಡಿದರು.

“ನೀರ್ ಇಳುದ್ ಬೆಳಿಗ್ಗೆ ಒಳೀಕ್ ಬಂದೊ. ಮಂಡಿಗಂಟ ಕೆಸ್ರು. ವಾಡೆ ಒಳ್ಗೆ ಕೈ ಆಕ್ದೆ, ಗಂಜಿ ಆಗೋಗಿತ್ತು. ಅತ್ತೆ, ರಾಗಿ ಅಂದ್ಲು ಇವ್ಳು. ಎಚ್ಚಾಯ್ತು ಕಣಮ್ಮಿ ಅಂದೆ. ಅವ್ಳು ಅಳ್ನಿಲ್ಲ. ಸೀರೆ ಎತ್ಕಟ್ಕಂಡು ಕೆಸ್ರು ಬಾಚಾಕ್ ಬಂದ್ಲು. ಆ ಇನ್ನೊಂದ್ ಮಾತ ಅಂದಿದ್ರೆ ಅಲ್ಲೇ ಕುಸುದ್ಬುಡೋಳು, ಬಸ್ರಿ ಎಂಗ್ಸು. ಅವತ್ತು ಅನ್ನದೆ ಇದ್ ಮಾತ ಇವತ್ತು ನಿನ್ ಪೋನಿಗ್ ಅನ್ಲಾ, ಮಗ?”

ದಿವ್ಯ ತಲೆ ತಗ್ಗಿಸಿ ಕಾಲುಂಗುರ ತಿರುಗಿಸುತ್ತಿದ್ದಳು. ಕೆಂಪಣ್ಣ ಬಾಗಿಲಿನಿಂದ ಆಚೆ ಹೋದರು. ಇಟ್ಟಿಗೆಯ ಸದ್ದು ಬಹಳ ಹೊತ್ತು ಬರಲಿಲ್ಲ.

ಅವರನ್ನು ಒಪ್ಪಿಸಬೇಕು ಎನ್ನುವ ನನ್ನ ಹಟ ಅರ್ಧ ಇಳಿದಿತ್ತು. ಆದರೂ ಅಷ್ಟು ದೂರ ಬಂದದ್ದಕ್ಕೆ, ಬರಿಗೈಯಲ್ಲಿ ಹೋಗಲಾರದೆ, ಇನ್ನೊಮ್ಮೆ ಪ್ರಶ್ನೆ ಓದಿ ಟ್ಯಾಬ್ ಮುಂದೆ ಹಿಡಿದೆ. ಚಲುವಮ್ಮ ಈ ಸಲ ‘ಎಚ್ಚಾಗೈತೆ’ ಎಂದೂ ಅನ್ನಲಿಲ್ಲ. ನನ್ನ ಮೇಲಿನ ಕನಿಕರಕ್ಕಿರಬೇಕು. ಸುಮ್ಮನೆ ಗೂಡಿನ ದೀಪ ನೋಡುತ್ತ ಕೂತರು. ಟ್ಯಾಬ್ ಕುಂಯ್‌ಗುಟ್ಟಿತು. ಅವರು ಸುಮ್ಮನಿದ್ದರು. ಮತ್ತೆ ಕುಂಯ್‌ಗುಟ್ಟಿತು. ಆಮೇಲೆ ಪರದೆಯ ಮೇಲೆ ಬರಹ ಬಂತು: ‘ಉತ್ತರ ಇಲ್ಲ. ಹಿಂದಿನ ಉತ್ತರವನ್ನು ಅಳಿಸಬೇಕೆ?’

ಬೇಡ ಎಂದು ಒತ್ತಲು ಬೆರಳು ಚಾಚಿದೆ. ದಿಲೀಪ ನನ್ನ ಕೈಗೂ ಟ್ಯಾಬ್‌ಗೂ ನಡುವೆ ತನ್ನ ಅಂಗೈ ತೂರಿಸಿದ.

“ತಡೀರಿ ಮೇಡಂ. ಬೂಕನಕೆರೆ ಕಡೆ ಒಂದೂರಲ್ಲಿ ಇಂಗೇ ಆಗಿತ್ತು.”

ಕೆ.ಆರ್. ಪೇಟೆ ತಾಲ್ಲೂಕಿನ ಆ ಊರಿಗೆ ಅವನು ಹೋದ ದಿನ ಊರಿಗೆ ಊರೇ ಒಂದು ಮದುವೆಗೆ ಹೋಗಿತ್ತಂತೆ. ಯಾರೂ ಸಿಗದೆ ಊರಿನ ಹೆಸರಿನ ಮುಂದೆ ‘ಮಾಹಿತಿ ಇಲ್ಲ’ ಎಂದು ಬಂತು. ಮಾಹಿತಿ ಇಲ್ಲ ಎಂದು ಬಂದ ಊರಿಗೆ ಇಂಜಿನಿಯರ್ ತಾನೇ ಹೋಗಿ ಕಣ್ಣಾರೆ ನೋಡಿ ಬರೆಯಬೇಕು, ಅದು ನಿಯಮ. ಇಂಜಿನಿಯರ್ ಹೋದರು, ಮನೆಯವರ ಉತ್ತರ ಇಲ್ಲದ್ದರಿಂದ ಕಾಣುವುದನ್ನೆಲ್ಲ ಅಳೆದರು. ಗೋಡೆ, ಮೋರಿ, ಏರಿ, ಎಲ್ಲ. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದವನು ದಿಲೀಪನೇ.

“ಇದನ್ನ ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ?” ಎಂದೆ.

“ನೀವು ಇಲ್ಲ ಅನ್ನುಸ್ಬೇಕು ಅಂದ್ರಿ. ಸುಮ್ಕಿರುಸ್ಬೇಕು ಅನ್ನಲಿಲ್ವಲ್ಲ.”

ಅವನನ್ನು ಬೈಕಿನ ಸಮೇತ ಕೆರೆಗೆ ತಳ್ಳಬೇಕು ಅನಿಸಿತು. ಆದರೆ ಕೆರೆಯಲ್ಲಿ ನೀರಿರಲಿಲ್ಲ. ‘ಹೌದು’ ಎಂದು ಒತ್ತಿದೆ.

ಒಂದು ಉತ್ತರ ಅಳಿಸಿದರೆ ಆ ಮನೆಯ ಲೆಕ್ಕವೇ ಅಳಿಯುತ್ತದೆ, ಆದರೆ ಒಂದು ಮನೆ ಅಳಿದರೆ ಸಾಲದು. ಹೆಚ್ಚಾಗಿದೆ ಎಂದು ಹೇಳಿದ ಎಲ್ಲ ಮನೆಯವರೂ ಸುಮ್ಮನಾಗಬೇಕು. ಚಲುವಮ್ಮನಿಗೆ ಅದನ್ನು ವಿವರಿಸಿದಾಗ, ಏನೂ ಅನ್ನುವುದು ಬೇಡವೇ, ಸುಮ್ಮನಿದ್ದರೆ ಏರಿ ನೋಡಲು ಬರುತ್ತಾರೆಯೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಎದ್ದರು. ಹೊಸ್ತಿಲಲ್ಲಿ ನಿಂತು ಬೀದಿಗೆ ಕೂಗು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಕೆಳಗಿನ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗಲಿಯ ಮೇಲೆ ಕೂತರು. ಕೆಲವರ ಕೈಯಲ್ಲಿ ಕುಡುಗೋಲು ಹಾಗೇ ಇತ್ತು.

ಹೀಗೆ ಶುರುವಾಯಿತು ನಮ್ಮ ಕೆಲಸ. ನಾನು ಪ್ರಶ್ನೆ ಓದುವುದು, ಎದುರಿಗೆ ಕೂತವರು ಸುಮ್ಮನಿರುವುದು. ಹೇಳುವುದಕ್ಕೆ ಸುಲಭ. ಮಾತಾಡಬೇಡಿ ಎಂದರೆ ಜನಕ್ಕೆ ಎಲ್ಲಿಲ್ಲದ ಮಾತು ಬರುತ್ತದೆ. ಒಬ್ಬರು ಸುಮ್ಮನೆ ಕೂತಿದ್ದಾಗ ಪಕ್ಕದವರು, ಉಸಿರಾಡಬಹುದೇ ಎಂದು ಕೇಳಿದರು, ಅದು ರೆಕಾರ್ಡ್ ಆಯಿತು. ಒಬ್ಬರಿಗೆ ನಗು. ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಕೆಂಪಣ್ಣ ಎಲ್ಲರಿಗೂ ಸುಮ್ಮನಿರಿ ಎಂದು ಗದರಿದ್ದು ಕೂಡ ರೆಕಾರ್ಡ್ ಆಯಿತು. ಅವರನ್ನು ಹಸು ಕಟ್ಟುವ ನೆಪದಲ್ಲಿ ದೂರ ಕಳಿಸಿದೆವು.

ಪುಟ್ಟಗೌರಮ್ಮ ಎಂಬುವವರ ಮುಂದೆ ನಾನು ಸೋತೇಹೋದೆ. ಪ್ರಶ್ನೆ ಮುಗಿಯುವ ಮೊದಲೇ, “ಎಚ್ಚಾಗೈತೆ ಕಣವ್ವ,” ಎಂದರು. ಸುಮ್ಮನಿರಬೇಕು ಎಂದು ನೆನಪಿಸಿ ಮತ್ತೆ ಓದಿದೆ. ತುಟಿ ಬಿಗಿದು, ಕಣ್ಣು ಅಗಲಿಸಿ, ಉಸಿರು ಹಿಡಿದು ಕೂತರು. ಟ್ಯಾಬ್ ಕುಂಯ್‌ಗುಟ್ಟಿತು. ಇನ್ನೇನು ಆಯಿತು ಅನ್ನುವಾಗ, “ನಾನೇನೂ ಅನ್ನಲಿಲ್ಲ ಅಲ್ವಾ?” ಎಂದರು. ಕೊನೆಗೆ ಚಲುವಮ್ಮ ಎಲೆ ಅಡಿಕೆ ಮಡಿಸಿ ಅವರ ಬಾಯಿಗೆ ತುರುಕಿದರು. ಬಾಯಿ ತುಂಬಾ ಎಲೆಯ ರಸ ಇಟ್ಟುಕೊಂಡು ಪುಟ್ಟಗೌರಮ್ಮ ನಷ್ಟದ ಲೆಕ್ಕಕ್ಕೆ ಬೇಕಾದಷ್ಟು ಹೊತ್ತು ಸುಮ್ಮನಿದ್ದರು.

ಈ ಗಲಾಟೆಯ ನಡುವೆಯೂ ಕೆಲವು ಸಲ ಬೇರೇನೋ ಆಗುತ್ತಿತ್ತು. ಪ್ರಶ್ನೆ ಕೇಳಿದ ಕೂಡಲೇ ಒಬ್ಬ ಹೆಂಗಸು ತನ್ನ ಮನೆಯ ಕಡೆಗೆ ನೋಡಿದಳು. ಅಲ್ಲಿಂದ ಬಾಗಿಲು ಮಾತ್ರ ಕಾಣುತ್ತಿತ್ತು. ಟ್ಯಾಬ್ ಸಾಕು ಎಂದ ಮೇಲೂ ಅವಳು ಅಲ್ಲೇ ನೋಡುತ್ತಿದ್ದಳು. ನಾನೂ ಮುಂದಿನವರನ್ನು ಕರೆಯಲಿಲ್ಲ. ಮೂರು ಉತ್ತರಗಳಲ್ಲಿ ಯಾವುದನ್ನು ಒತ್ತಿದ್ದರೂ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ ಅನಿಸಿತು. ಅಷ್ಟರಲ್ಲಿ ದಿಲೀಪ,

“ಚಾರ್ಜ್ ಮುಗೀತಾ ಬಂತು ಮೇಡಂ,” ಎಂದ. ಅವನು ಹಾಗೆ ನೇರವಾಗಿ ‘ಮುಗೀತಾ ಬಂತು’ ಎಂದದ್ದಕ್ಕೆ ಚಲುವಮ್ಮ ಅವನನ್ನು ಗುರಾಯಿಸಿದರು.

ಮರುದಿನ ಸಂತೋಷ್ ಸರ್ ಒಂದು ರೆಕಾರ್ಡ್ ಹಾಕಿ ಕೇಳಿದರು. ನನ್ನ ಪ್ರಶ್ನೆ, ಆಮೇಲೆ ಒಂದು ಕೋಳಿ, ದೂರದಲ್ಲಿ ಟ್ರಾಕ್ಟರು, ಟ್ಯಾಬ್‌ನ ಕುಂಯ್‌ಗುಟ್ಟುವಿಕೆ. ಇನ್ನೊಂದು ಹಾಕಿದರು. ಅದರಲ್ಲಿ ಎಲೆ ಅಡಿಕೆ ಜಗಿಯುವ ಸದ್ದಿತ್ತು. ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದರು.

“ಇಡೀ ಊರಲ್ಲಿ ಯಾರೂ ಮಾತಾಡಲಿಲ್ವಾ?”

“ಕೇಳಿದೆ ಸರ್. ಅವರು ಏನು ಹೇಳಿದರೋ ಅದನ್ನೇ ಒತ್ತಿದ್ದೇನೆ.”

ಅವರಿಗೆ ತಿಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ. ತಿಳಿದಿದ್ದರೂ ಅದನ್ನು ಹಾಕಲು ಕಾಲಂ ಇರಲಿಲ್ಲವಲ್ಲ. ಊರಿನ ಹೆಸರಿನ ಮುಂದಿನ ಹಸಿರು ಹೋಗಿ ಬೂದು ಬಂತು, ಅದರ ಮೇಲೆ ‘ಮಾಹಿತಿ ಇಲ್ಲ’ ಎಂಬ ಅಕ್ಷರ ಬಂತು. ಸಂಜೆಯ ಹೊತ್ತಿಗೆ ಇಂಜಿನಿಯರ್ ಮಂಗಳವಾರ ಹೋಗುತ್ತಾರೆ ಎನ್ನುವುದೂ ತೀರ್ಮಾನವಾಯಿತು. ಅವರ ಜೀಪಿನ ಖರ್ಚನ್ನು ಯಾವುದಕ್ಕೆ ಸೇರಿಸುವುದು ಎಂದು ಸಂತೋಷ್ ಸರ್ ಬಹಳ ಹೊತ್ತು ಕೊರಗಿದರು. ಅಗಲವಾದ ಕಂಡಿ, ಯಾರು ಬೇಕಾದರೂ ಹೋಗಿ ನೋಡಬಹುದಾದದ್ದು. ಅದನ್ನು ಒಬ್ಬರು ಹೋಗಿ ನೋಡಲಿ ಎನ್ನುವುದಕ್ಕೆ ಒಂದೂರಿನ ಹೆಂಗಸರೆಲ್ಲ ಬಾಯಿ ಮುಚ್ಚಿ ಕೂರಬೇಕಾಯಿತು. ಯೋಚಿಸಿದಷ್ಟೂ ತಲೆ ಕಾಯುತ್ತಿತ್ತು. ಯೋಚಿಸುವುದನ್ನು ಬಿಟ್ಟು ಚಲುವಮ್ಮನಿಗೆ ಫೋನ್ ಮಾಡಿದೆ.

ಇಂಜಿನಿಯರ್ ಬರುವ ದಿನ ಹೇಳಿದೆ. ಅವರು ಅದನ್ನು ಅಲ್ಲೇ ಗಂಡನಿಗೆ ಕೂಗಿ ಹೇಳಿದರು. ಕೆಂಪಣ್ಣ ಏನೋ ಅಂದದ್ದು ನನಗೆ ಕೇಳಿಸಲಿಲ್ಲ, ಚಲುವಮ್ಮ ನಕ್ಕದ್ದು ಕೇಳಿಸಿತು. ಆಮೇಲೆ ಕೇಳಿದರು:

“ನಮ್ಮೂರ್ ಎಸ್ರು ಮುಂದೆ ಈಗ ಏನಂತ ಬರ್ದವ್ರೆ ಮಗ?”

ಪರದೆಯ ಮೇಲೆ ಆ ಎರಡು ಪದ ನನ್ನ ಕಣ್ಣ ಮುಂದೆಯೇ ಇದ್ದವು. ಕಿಟಕಿಯ ಆಚೆ ಕತ್ತಲು ಇಳಿಯುತ್ತಿತ್ತು. ಅಲ್ಲಿಯೂ ಇಳಿಯುತ್ತಿರಬೇಕು. ಗೂಡಿನ ದೀಪ ಹಚ್ಚಿ ಆಗಿರಬೇಕು. ಪಕ್ಕದಲ್ಲಿ ದಿವ್ಯ ಇರಬೇಕು.

“ಮಾಹಿತಿ ಹೆಚ್ಚಾಗಿದೆ ಅಂತ ಬರೆದಿದ್ದಾರಮ್ಮ,” ಎಂದೆ.

 

“ಅಂಗಾರೆ ಅವ್ರಿಗೂ ನಮ್ ಮಾತು ಬತ್ತದೆ ಅನ್ನು,” ಎಂದರು ಚಲುವಮ್ಮ. ನಾನು ಏನಾದರೂ ಅನ್ನುತ್ತೇನೆಂದು ಕಾಯದೆ ಮುಂದುವರಿಸಿದರು, “ಮಂಗ್ಳಾರ ಬರೋರ್ಗೆ ಬೂಟು ಆಕ್ಕಂಡ್ ಬರಾಕೇಳು. ಕಂಡಿ ತಾವ್ ಇನ್ನೂ ಕಾಲ್ ಊತ್ಕತದೆ.”